ಬಾಗಿಲಲ್ಲಿ ಕಲ್ಲುಸಕ್ಕರೆ

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ತಡವಾಗಿ ಬಂದವರು ಕಾರಣ ಬರೆಸಬೇಕು. ಅಲ್ಲಿ ‘ಆನೆ’ ಎಂದಿದ್ದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಸಾನಮಾವು ಕಡೆಯ ವ್ಯಾನು ಕಾಡಿನಂಚಿನಲ್ಲಿ ನಿಂತಿತೆಂದರೆ ಆ ದಿನದ ಮೊದಲ ಪೀರಿಯಡ್ಡು ಗೋವಿಂದ.

ಹೊಸೂರಿನಲ್ಲಿ ನಮ್ಮದು ವಿಶೇಷ ಮಕ್ಕಳ ಶಾಲೆ. ಓದು ಬರಹದ ಜೊತೆಗೆ ಕೈಕಾಲಿನ ವ್ಯಾಯಾಮ, ಮಾತಿನ ತರಬೇತಿ ಎಲ್ಲ ಒಂದೇ ಸೂರಿನಡಿ ನಡೆಯುತ್ತದೆ. ನನ್ನ ಪಾಲಿಗೆ ಬಂದದ್ದು ನಡತೆ ಪಾಠ. ನಾಲ್ಕು ಜನರ ನಡುವೆ ಹೇಗಿರಬೇಕು, ಸರದಿ ಹೇಗೆ ಕಾಯಬೇಕು, ಹಿರಿಯರಿಗೆ ಹೇಗೆ ಕೈಮುಗಿಯಬೇಕು, ಕೋಪ ಬಂದಾಗ ಏನು ಮಾಡಬೇಕು. ಈ ಕೊನೆಯದನ್ನು ಕಲಿಸಲು ಮೂಗಿನ ತುದಿಯಲ್ಲೇ ಕೋಪವಿರುವ ನನ್ನನ್ನೇ ಹುಡುಕಿ ಹಾಕಿದ್ದರು. ನನ್ನ ಗಂಡ ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ತರಗತಿಯಲ್ಲಿ ಆರು ಮಕ್ಕಳು. ಹಿರಿಯರನ್ನು ಮಾತಾಡಿಸಿ ತೋರಿಸಿ ಎಂದರೆ ‘ವಣಕ್ಕಂ ಅಜ್ಜಿ, ಬಾಗುನ್ನಾರಾ, ಊಟ ಆಯ್ತಾ’ ಎಂದು ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ನಾನು ತಿದ್ದಲಿಲ್ಲ. ಅರ್ಧ ಹೊಸೂರು ಹಾಗೇ ಮಾತಾಡುತ್ತದೆ.

ಚಿತ್ರ ತೋರಿಸಿ ನಡತೆ ಕಲಿಸುವ ಪುಸ್ತಕಗಳನ್ನು ಮೊದಲು ತಂದೆ. ಮಕ್ಕಳು ಆಕಳಿಸಿದರು. ಆಮೇಲೆ ನನಗೆ ಹೊಳೆದದ್ದು ಮದುವೆ. ನಮ್ಮ ಕಡೆ ಛತ್ರದ ಬಾಗಿಲಲ್ಲೇ ಒಂದು ಮೇಜು ಇರುತ್ತದೆ. ಅದರ ಮೇಲೆ ಗಂಧ, ಕುಂಕುಮ, ಹೂವು, ಕಲ್ಲುಸಕ್ಕರೆ, ತೂತಿನ ಉದ್ದ ಮೂತಿಯ ಪನ್ನೀರಿನ ಚೊಂಬು. ಮನೆಯ ಹೆಣ್ಣುಮಕ್ಕಳು ಅಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸಿ, ಕೈಗೆ ಸಕ್ಕರೆ ಕೊಟ್ಟು ಒಳಗೆ ಕಳಿಸುತ್ತಾರೆ. ನಮ್ಮ ಮಕ್ಕಳೆಲ್ಲ ಮದುವೆಗೆ ಹೋದವರೇ. ಆದರೆ ಅಮ್ಮನ ಪಕ್ಕ, ಕೊನೇ ಸಾಲಿನ ಕುರ್ಚಿಯಲ್ಲಿ. ಬಾಗಿಲಲ್ಲಿ ನಿಂತವರು ಒಬ್ಬರೂ ಇರಲಿಲ್ಲ. ಸರಿ, ಪ್ರತಿ ಶುಕ್ರವಾರ ಕೊನೇ ಪೀರಿಯಡ್ಡಿನಲ್ಲಿ ತರಗತಿಯ ಬಾಗಿಲಿಗೆ ಒಂದು ಬೆಂಚು ಎಳೆದೆ. ಹೆಡ್‌ಮಾಸ್ಟರಿಂದ ಹಿಡಿದು ವ್ಯಾನ್ ಡ್ರೈವರ್‌ವರೆಗೆ ಎಲ್ಲರೂ ಬೀಗರಾದರು. ಮಕ್ಕಳು ಅದಕ್ಕೆ ‘ಮದುವೆ ಪೀರಿಯಡ್’ ಎಂದು ಹೆಸರಿಟ್ಟರು.

ನನ್ನದೊಂದೇ ಕಟ್ಟುನಿಟ್ಟು. ಕೊಡುವುದು ಬಲಗೈಯಲ್ಲಿ. ಹಿರಿಯರಾದರೆ ಎಡಗೈಯನ್ನು ಬಲಗೈಗೆ ಆನಿಸಿ ಕೊಡಬೇಕು. ಇಷ್ಟು ಜೋರು ಮಾಡಲು ನನಗೇನು ಹಕ್ಕಿತ್ತೋ ಕಾಣೆ, ಏಕೆಂದರೆ ನಾನೇ ಹುಟ್ಟು ಎಡಚಿ. ಚಿಕ್ಕವಳಿದ್ದಾಗ ಎಡಗೈ ಮುಂದೆ ಬಂದರೆ ನಮ್ಮಜ್ಜಿ ಫಟ್ಟೆಂದು ಹೊಡೆಯುತ್ತಿದ್ದರು. ಹೊಡೆತ ತಿಂದು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸುವಾಗ ಮನುಷ್ಯರಿಗೆ ಎರಡು ಪಟ್ಟು ಹುರುಪು ಬರುತ್ತದೆಂದು ಕಾಣುತ್ತದೆ.

ಆರು ಮಕ್ಕಳಲ್ಲಿ ಒಬ್ಬಳು ಹದಿಮೂರರ ಹುಡುಗಿ, ಸಾನಮಾವು ಕಡೆಯ ರೈತರ ಮನೆಯವಳು. ಹುಟ್ಟಿದಾಗಿನಿಂದ ಅವಳ ಬಲಗೈ ಅವಳ ಮಾತು ಕೇಳುವುದಿಲ್ಲ, ಬೆರಳು ಮುದುಡಿಕೊಂಡೇ ಇರುತ್ತವೆ. ನಿಧಾನವಾಗಿ ಮಾತಾಡುತ್ತಾಳೆ, ಆದರೆ ನೋಡುವುದನ್ನೆಲ್ಲ ನೋಡಿರುತ್ತಾಳೆ. ಮದುವೆ ಪೀರಿಯಡ್ ಶುರುವಾದರೆ ಸಾಕು, “ಟೀಚರ್, ಬಾತ್ರೂಮ್” ಎಂದು ಎದ್ದು ಹೋಗುವಳು. ಗಂಟೆ ಹೊಡೆದ ಮೇಲೇ ವಾಪಸ್ಸು. ಮೂರು ಶುಕ್ರವಾರ ನೋಡಿದೆ. ನಾಲ್ಕನೆಯದಕ್ಕೆ ಬೈದೆ. ‘ಹಟಮಾರಿ, ಭಾಗವಹಿಸುವುದಿಲ್ಲ’ ಎಂದು ಅವಳ ಪ್ರಗತಿ ಪುಸ್ತಕದಲ್ಲಿ ಬರೆದೂ ಬಿಟ್ಟೆ.

ನಮ್ಮಲ್ಲಿ ವ್ಯಾಯಾಮ ಮಾಡಿಸುವವಳನ್ನು ನಾನು ತಂಗಿ ಎಂದೇ ಕರೆಯುವುದು. ಅವಳು ಕೃಷ್ಣಗಿರಿಯವಳು, ಅರ್ಧ ತಮಿಳು ಅರ್ಧ ಕನ್ನಡ. ಆ ಸಾಲು ಓದಿ ಪುಸ್ತಕವನ್ನು ನನ್ನ ಮುಂದೆ ತಂದಿಟ್ಟಳು.

“ಅಕ್ಕ, ಅವ್ಳು ಓಡೋಗೋದು ಪಾಠದಿಂದ ಅಲ್ಲ. ನಿಮ್ ಬಲಗೈ ರೂಲ್‌ನಿಂದ. ಮುಂದಿನ ತಿಂಗ್ಳು ಅವ್ರಕ್ಕನ ಮದ್ವೆ ಇದೆ. ಬಾಗ್ಲಲ್ಲಿ ನಿಂತ್ಕೊಬೇಕು ಅಂತ ಆಸೆ. ನನ್ ರೂಮಲ್ಲಿ ಕದ್ದು ಪ್ರಾಕ್ಟೀಸ್ ಮಾಡ್ತಾ ಅವ್ಳೆ.”

ಬಾತ್ರೂಮಿಗೆಂದು ಹೋದವಳು ವ್ಯಾಯಾಮದ ಕೋಣೆಯಲ್ಲಿ ಕೂತು ಆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಬರೆದ ಸಾಲನ್ನು ಹೊಡೆದುಹಾಕಿದೆ. ಪೆನ್ನಿನ ಮೊನೆಗೆ ಹಾಳೆ ಹರಿಯಿತು.

ಆ ವಾರವೇ ಪಾಲಕರ ಸಭೆ. ಅವಳ ಮನೆಯಿಂದ ಬಂದದ್ದು ಅಜ್ಜಿ. ಲಗ್ನಪತ್ರಿಕೆ ಕೊಟ್ಟು, ತರಗತಿಯ ಮಕ್ಕಳನ್ನೆಲ್ಲ ಕರೆತರಬೇಕೆಂದರು. ನಾನು ಬಾಗಿಲಿನ ವಿಷಯ ಎತ್ತಿದೆ.

“ಬ್ಯಾಡ ಟೀಚರಮ್ಮ,” ಎಂದರು. “ಎಡಗೈಲಿ ಸಕ್ಕರೆ ಕೊಟ್ರೆ ಬೀಗ್ರು ಕಡೆಯೋರು ಸುಮ್ಕಿರ್ತಾರಾ. ನಾಳೆ ದೊಡ್ಡೋಳು ಬಾಳೋ ಮನೇಲಿ ಮಾತು ಬತ್ತದೆ. ಇವ್ಳಿಗೂ ಅಂತಾರೆ. ಅದ್ನ ನಾನ್ ಕೇಳಾಕಾಗಲ್ಲ.”

ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಎಡಗೈ ಬಲಗೈ ಎಲ್ಲ ದೇವರು ಕೊಟ್ಟಿದ್ದೇ, ಕಾಲ ಬದಲಾಗಿದೆ, ಎಂದೆಲ್ಲ. ಶುಕ್ರವಾರ ಶುಕ್ರವಾರ ‘ಬಲಗೈ, ಬಲಗೈ’ ಎಂದು ಕಿರುಚಿದ ಬಾಯಿಂದಲೇ. ಅಜ್ಜಿ ಪೂರ್ತಿ ಕೇಳಿ, “ಬತ್ತೀನಿ ಟೀಚರಮ್ಮ, ವ್ಯಾನ್ ಹೋಗ್ಬುಟ್ಟೀತು” ಎಂದು ಎದ್ದರು. ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

ಮುಂದಿನ ಶುಕ್ರವಾರ ಅವಳು ಬಾತ್ರೂಮಿಗೆ ಹೋಗಲಿಲ್ಲ. ಬೆಂಚಿನ ಹಿಂದೆ ಬಂದು ನಿಂತು, ಎಡಗೈಯಿಂದ ಕಲ್ಲುಸಕ್ಕರೆ ಎತ್ತಿ ತನ್ನ ಬಲ ಅಂಗೈಗೆ ಹಾಕಿಕೊಂಡಳು. ಅಂಗೈ ಒಂದು ಚಮಚದಷ್ಟು ತೆರೆದಿತ್ತು. ಆಮೇಲೆ ಎಡಗೈಯಿಂದ ಬಲ ಮಣಿಕಟ್ಟು ಹಿಡಿದೆತ್ತಿ, ನನ್ನ ಕೈಯವರೆಗೆ ತಂದು, ಮೆಲ್ಲಗೆ ಹೊರಳಿಸಿದಳು. ಎರಡು ಹರಳು ನನ್ನ ಅಂಗೈಗೆ, ಒಂದು ನೆಲಕ್ಕೆ. ನೋಡಿದವರಿಗೆ ಅದು ಹಿರಿಯರಿಗೆ ಎಡಗೈ ಆನಿಸಿ ಕೊಡುವ ಅದೇ ರೀತಿ. ಆ ಪದ್ಧತಿಯನ್ನು ಒಂದು ತಿಂಗಳು ಬಾಯಿಪಾಠ ಮಾಡಿಸಿದ ನನಗೆ ಇದು ಹೊಳೆದಿರಲಿಲ್ಲ. ನನಗೆ ಅಳು ಬಂತು, ಮಕ್ಕಳ ಮುಂದೆ ಸಕ್ಕರೆ ಬಾಯಿಗೆ ಹಾಕಿಕೊಂಡು ತಡೆದೆ.

“ಯಾರೇ ಹೇಳ್ಕೊಟ್ರು?” ಎಂದೆ.

“ನೀವೇ ಟೀಚರ್,” ಎಂದಳು.

ಉಳಿದ ಐವರೂ ಅಂದಿನಿಂದ ಹಾಗೇ ಕೊಡತೊಡಗಿದರು, ಎರಡು ಕೈಯೂ ಗಟ್ಟಿಮುಟ್ಟಾಗಿದ್ದವರೂ ಸೇರಿ. ವ್ಯಾನ್ ಡ್ರೈವರು ಚೀಲ ಇಳಿಸಿ ಕೊಡುವಾಗಲೂ ಅದನ್ನೇ ಮಾಡಿ ಮಕ್ಕಳನ್ನು ನಗಿಸುತ್ತಿದ್ದರು.

ಮದುವೆಯ ದಿನ ನಾನೂ ತಂಗಿಯೂ ಐದು ಮಕ್ಕಳನ್ನು ಕರೆದುಕೊಂಡು ಛತ್ರಕ್ಕೆ ಹೋದೆವು. ದಾರಿಯುದ್ದಕ್ಕೂ ಅಜ್ಜಿಗೆ ಹೇಳಬೇಕಾದ ಎರಡನೇ ಭಾಷಣವನ್ನು ಜೋಡಿಸಿಕೊಳ್ಳುತ್ತಿದ್ದೆ. ಬಾಗಿಲ ಮೇಜಿನ ಹಿಂದೆ ಅವಳ ಚಿಕ್ಕಪ್ಪನ ಹೆಣ್ಣುಮಕ್ಕಳಿಬ್ಬರು. ನಮ್ಮವಳು ಹಸಿರು ರೇಷ್ಮೆ ಲಂಗದಲ್ಲಿ, ಒಳಗೆ, ಕುರ್ಚಿಯಲ್ಲಿ. ನನಗೆ ರಕ್ತ ಕುದಿಯಿತು.

ಭಾಷಣಕ್ಕೆ ಅವಳು ಆಸ್ಪದವನ್ನೇ ಕೊಡಲಿಲ್ಲ. ನಮ್ಮನ್ನು ಕಂಡಿದ್ದೇ ಎದ್ದು ಬಂದಳು. “ನಮ್ ಸ್ಕೂಲೋರು, ನಾನ್ ಕೊಡ್ತೀನಿ” ಎಂದು ಅಕ್ಕತಂಗಿಯರ ನಡುವೆ ತೂರಿದಳು. ನನಗೆ ಕೊಟ್ಟಳು, ತಂಗಿಗೆ ಕೊಟ್ಟಳು, ಐದು ಮಕ್ಕಳಿಗೂ ಕೊಟ್ಟಳು. ನಮ್ಮ ಹಿಂದೆ ಗಂಡಿನ ಕಡೆಯ ಬಸ್ಸು ಇಳಿದಿತ್ತು. ಅವರೂ ಸಾಲಿನಲ್ಲೇ ಬಂದರು, ಅವರಿಗೂ ಕೊಟ್ಟಳು. ಅವರಲ್ಲೊಬ್ಬ ಹಿರಿಯ ಹೆಂಗಸು ಸಕ್ಕರೆ ಬಾಯಿಗೆ ಹಾಕಿಕೊಂಡು ಪಕ್ಕದವರಿಗೆ ಹೇಳಿದರು:

“ನೋಡು, ಏಟು ಮರ್ವಾದೆಯಾಗಿ ಕೊಡ್ತದೆ ಮಗ.”

ಅಜ್ಜಿ ಕಂಬದ ಪಕ್ಕದಲ್ಲೇ ಇದ್ದರು. ಅವರಿಗೆ ಅದು ಕೇಳಿಸಿತು. ನನ್ನ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಅಡುಗೆಮನೆ ಕಡೆಯ ಬಾಗಿಲಿಂದ ಹೊರಗೆ ಹೋದರು. ಕೋಪ ಮಾಡಿಕೊಂಡರೆಂದು ನಾನು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಬೆಳಗಿನ ಜಾವದಿಂದ ಛತ್ರದೊಳಗೇ ಇದ್ದ ಅಜ್ಜಿ ಮುಂಬಾಗಿಲಲ್ಲಿ, ಗಂಡಿನ ಕಡೆಯವರ ಹಿಂದೆ ಸಾಲಿನಲ್ಲಿ ನಿಂತಿದ್ದಾರೆ. ಸರದಿ ಬಂದಾಗ ಕೈ ಚಾಚಿ, “ನಂಗೂ ಕೊಡವ್ವ” ಎಂದರು. ಹುಡುಗಿ ಮಣಿಕಟ್ಟು ಎತ್ತಿ ಕೊಟ್ಟಳು. ಅಜ್ಜಿ ಕಣ್ಣಿಗೊತ್ತಿಕೊಂಡರು, ಆದರೆ ಜಾಗ ಬಿಟ್ಟು ಕದಲಲಿಲ್ಲ.

“ಪನ್ನೀರು?” ಎಂದರು.

ಪನ್ನೀರು ಅಷ್ಟೊತ್ತೂ ಅಕ್ಕತಂಗಿಯರ ಪಾಲಿನದಾಗಿತ್ತು. ಚೊಂಬು ಹಿಡಿಯಲು ಬೆರಳು ಬಿಗಿಯಬೇಕು, ಅದು ಅವಳ ಬಲಗೈಗೆ ಆಗದ ಕೆಲಸ. ಹುಡುಗಿ ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು. ಅವಳು ಎಡಗೈಯಲ್ಲಿ ಚೊಂಬು ಎತ್ತಿಕೊಂಡು ಹಾಗೇ ನಿಂತಳು.

ಅಜ್ಜಿ ಬೀಗರೆಲ್ಲರ ಎದುರಿಗೆ ತಲೆ ಬಾಗಿಸಿದರು. “ಚಿಮುಕ್ಸವ್ವ,” ಎಂದರು, “ಯಾವ ಕೈ ಅಂತ ನೀರಿಗೇನು ಗೊತ್ತಾಯ್ತದೆ.”

ಅವಳು ಚಿಮುಕಿಸಿದ ರಭಸಕ್ಕೆ ಅಜ್ಜಿಯ ತಲೆ ನೆನೆಯಿತು, ಪಕ್ಕದಲ್ಲಿ ನಿಂತಿದ್ದ ನನ್ನ ಮುಖವೂ ನೆನೆಯಿತು. ನಾನು ಒರೆಸಿಕೊಂಡೆ, ನನ್ನ ಎಡಗೈಯಲ್ಲಿ.