ಗುರಮ್ಮನ ತವರಿನಲ್ಲಿ ನಾವು

ಶಹಾಬಾದಿಗೆ ಬಂದ ಮೊದಲ ಬೇಸಿಗೆಯಲ್ಲಿ ಗೋಡೆಗೆ ಒರಗಲು ಹೋದ ನನ್ನ ಹೆಂಡತಿ ಗಿರಿಜೆ ಬೆನ್ನು ಚುರ್ರೆಂದು ಜಿಗಿದು ನಿಂತಳು. ಇಲ್ಲಿ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆ ಕಲ್ಲು; ಹಿತ್ತಿಲಿಗೆ ಬೇಲಿಯೆಂದು ನಿಲ್ಲಿಸಿದ್ದೂ ಫರಸಿ, ಅಂದರೆ ಹಾಸುಗಲ್ಲು. ಧಾರವಾಡದ ಮಣ್ಣಿನ ಗೋಡೆಗಳ ತಂಪು ನೆನೆದು ಅವಳು ಅತ್ತಳು. ನಾನು ಕಲ್ಲಿನ ವ್ಯಾಪಾರಿಯೊಬ್ಬರ ಗುಮಾಸ್ತನಾಗಿ ನಿಜಾಮರ ರಾಜ್ಯಕ್ಕೆ ಬಂದವನು; ಅಳಲು ನನಗೆ ಪುರಸೊತ್ತಿರಲಿಲ್ಲ.

ನಾವು ಬಾಡಿಗೆಗಿದ್ದ ಒಂದೇ ಕೋಣೆಯನ್ನು ಮಾಲೀಕರು ಮಗನ ಮದುವೆಗೆಂದು ಬಿಡಲು ಹೇಳಿದರು. ಗಿರಿಜೆಯ ಕೈಯಲ್ಲಿ ಹಸುಗೂಸು. ಮಳೆಗಾಲಕ್ಕೆ ಮುಂಚೆ ಸ್ವಂತ ಸೂರು ಬೇಕೇ ಬೇಕಿತ್ತು. ಓಣಿಯ ಕೊನೆಗೆ, ಅಂಗಳದಲ್ಲಿ ಬೇವಿನ ಮರವಿದ್ದ ಖಾಲಿ ಮನೆಯೊಂದು ಕಣ್ಣಿಗೆ ಬಿತ್ತು. ಅದು ಇಬ್ಬರು ಅಣ್ಣತಮ್ಮಂದಿರದು: ಅಣ್ಣ ಶರಣಪ್ಪ ಊರಲ್ಲೇ ಬೇರೆ ಮನೆ ಮಾಡಿದ್ದ, ತಮ್ಮ ಬಸಣ್ಣ ವಾಡಿಯಲ್ಲಿದ್ದ.

ಮಾರುತ್ತೀರಾ ಎಂದು ಕೇಳಿದ್ದಕ್ಕೆ, “ಮನಿ ನಿಮ್ದೇ ತಿಳ್ಕೋರಿ,” ಎಂದ ಶರಣಪ್ಪ. ಎಂಥ ಸಜ್ಜನ ಎಂದುಕೊಂಡೆ. ಮುಂದಿನ ವಾರ ಹೋದರೆ, “ತಮ್ಮ ಬರ್ಲಿ ತಡೀರಿ.” ತಮ್ಮನನ್ನು ಹುಡುಕಿಕೊಂಡು ವಾಡಿಗೆ ಹೋದರೆ, “ನಂದೇನದರಿ, ಅಣ್ಣ ಹೇಳ್ದಂಗ.” ಧಾರವಾಡದಲ್ಲಿ ಮನೆ ಕೊಡದವನು ಕೊಡುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಇಲ್ಲಿ ಇಲ್ಲ ಎನ್ನುವವರೇ ಇಲ್ಲ. ರೋಸಿಹೋಗಿ ಒಂದು ದಿನ ಬೈನಾಮಾ ಬರೆಯುವವರನ್ನೇ ಶರಣಪ್ಪನ ಮನೆಗೆ ಕರೆದೊಯ್ದೆ. ಕ್ರಯಪತ್ರಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮಿಬ್ಬರಿಗೂ ಹೊಟ್ಟೆ ಬಿರಿಯುವಷ್ಟು ರೊಟ್ಟಿ, ಪುಂಡಿಪಲ್ಯ ಉಣಿಸಿ ಕಳಿಸಿದ. ಮನೆಯ ಮಾತು ಮಾತ್ರ ಎತ್ತಗೊಡಲಿಲ್ಲ. ಹೆಚ್ಚು ಬೆಲೆಗೆ ಕಾಯುತ್ತಿದ್ದಾನೆಂದು ದಾರಿಯುದ್ದಕ್ಕೂ ಅವನನ್ನು ಬೈದೆ.

ಗಂಟು ಬಿಚ್ಚಿದವಳು ಗಿರಿಜೆ. ಬಾವಿಕಟ್ಟೆಯಲ್ಲಿ ಶರಣಪ್ಪನ ಹೆಂಡತಿ ಅವಳಿಗೆ ಹೇಳಿದಳಂತೆ: “ನಮ್ ನಾದಿನಿ ಗುರಮ್ಮಗ ಯಾರರೆ ಕೇಳೀರೇನು? ಆಕಿಗಿ ಆಡಕಿ ಊರಿಗಿ ಕೊಟ್ಟಾರ. ಅವರವ್ವ ತೀರಿಹೋದ ಮ್ಯಾಲ, ನಾಗರ ಪಂಚಮಿಗಿ ಆಕಿ ಬಂದಾಗಷ್ಟೇ ಆ ಮನಿ ಕದ ತೆರೀತದ. ಅದು ಮಾರಿದ್ರ ಆಕಿ ತವರು ಅಂತ ಎಲ್ಲಿಗಿ ಬರಬೇಕು? ಅಣ್ಣತಮ್ಮರಿಗಿ ಆಕಿಗಿ ಕೇಳ್ಲಿಕ್ಕ ಬಾಯಿ ಬರವಲ್ದು.”

ಗಿರಿಜೆಯೇ ಹೇಳಿಕಳಿಸಿದಳು, ಗುರಮ್ಮ ಬಂಡಿಯಲ್ಲಿ ಬಂದಳು; ಅಣ್ಣತಮ್ಮಂದಿರೂ ಬಂದು ಅಂಗಳದಲ್ಲಿ ನಿಂತರು. ಬೇವಿನ ಮರಕ್ಕೆ ಕೈಯಾನಿಸಿ ಬಹಳ ಹೊತ್ತು ನಿಂತಳು. ಆಮೇಲೆ ಅಣ್ಣತಮ್ಮಂದಿರ ಕಡೆ ನೋಡದೆ ಗಿರಿಜೆಗೆ ಹೇಳಿದಳು: “ತಗೋವ್ವ. ಆದ್ರ ಪಂಚಮಿಗಿ ನಾ ಬರಾಕಿ. ಈ ಗಿಡಕ್ಕೇ ಜೋಕಾಲಿ ಕಟ್ಟಬೇಕು. ಉಂಡಿ ನೀನೇ ಕಟ್ಟಿ ಕೊಡಬೇಕು.”

“ಆಗ್ಲಿ ಅಕ್ಕಾ,” ಎಂದಳು ಗಿರಿಜೆ. ಅದೇ ವಾರ ಬೈನಾಮಾ ಆಯಿತು.

ಮಾತು ಕೊಟ್ಟ ಮೇಲೆಯೇ ನಮಗೆ ತಿಳಿದದ್ದು: ಪಂಚಮಿಗೆ ಇನ್ನೊಬ್ಬಳ ತವರಾಗಿ ನಿಲ್ಲುವವಳು ತನ್ನ ತವರಿಗೆ ಹೋಗುವಂತಿಲ್ಲ. ಎರಡು ವರ್ಷ ಗಿರಿಜೆ ಧಾರವಾಡದ ಮುಖ ನೋಡಲಿಲ್ಲ. ಉಂಡಿ ಕಟ್ಟುತ್ತ ಅವಳು ಕಣ್ಣೊರೆಸಿಕೊಳ್ಳುವುದನ್ನು ಗುರಮ್ಮ ನೋಡಿಬಿಟ್ಟಳು. “ಬರೋ ವರ್ಷ ನಿಮ್ಮವ್ವನ ಬಲ್ಲಿ ಹೋಗಿ ಬಾರವ್ವ. ಮನಿ ನಾ ನೋಡ್ಕೋತೀನಿ,” ಎಂದಳು.

ಮರುವರ್ಷ ಕೀಲಿಕೈ ಅವಳಿಗೆ ಕೊಟ್ಟು ಹೊರಟೆವು. ಧಾರವಾಡದಲ್ಲಿ ನಮ್ಮನ್ನು ಕಂಡವರೆಲ್ಲ ಕೇಳಿದ್ದು ಒಂದೇ: “ಮತ್ತ ಯಾವಾಗ ಹೊಂಟ್ರಿ?” ಹಬ್ಬ ಮುಗಿಯುವಷ್ಟರಲ್ಲಿ ಗಿರಿಜೆಯೇ, “ನಡೀರಿ, ನಮ್ಮ ಮನಿಗೆ ಹೋಗೂಣು,” ಎಂದಳು.

ಶಹಾಬಾದಿನಲ್ಲಿ ನಮ್ಮ ಮನೆಯ ಬಾಗಿಲು ತೆರೆದಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು. ಗುರಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಮುಖವರಳಿಸಿ ಅಂದಳು: “ಬರ್ರಿ, ಕುಂದ್ರಿ. ಭಾಳ ದೂರದಿಂದ ಬಂದೀರಿ.”

ನಾವು ನಮ್ಮ ಮನೆಯಲ್ಲಿ ಬೀಗರಂತೆ ಕುಳಿತೆವು.