ಐದನೆಯ ಮಾತಿಗೆ ಮಾವ ಸುಮ್ಮನಾದ

ನನಗೊಂದು ಚಟವಿದೆ. ಬಸ್ಸು ಶಹಾಪುರದ ಹತ್ತಿರ ಬಂತೆಂದರೆ ಪಕ್ಕದಲ್ಲಿ ಕೂತವರು ಯಾರೇ ಆಗಿರಲಿ, ಮೊಣಕೈಯಿಂದ ತಿವಿದು ಬೆಟ್ಟ ತೋರಿಸುತ್ತೇನೆ. “ನೋಡ್ರಿ, ಅದು ಹಣಿ, ಅದು ಮೂಗು, ಅಲ್ಲಿಂದ ಎದಿ. ಬುದ್ಧ ಮಲಗ್ಯಾನ!” ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ. ಒಮ್ಮೆ ಮಡಿಲಲ್ಲಿ ಮೆಣಸಿನಕಾಯಿ ಗಂಟು ಇಟ್ಟುಕೊಂಡು ತೂಕಡಿಸುತ್ತಿದ್ದ ಅಜ್ಜಿಯೊಬ್ಬಳು ಕಣ್ಣು ಬಿಟ್ಟು, ಬೆಟ್ಟವನ್ನೂ ನನ್ನನ್ನೂ ನೋಡಿ, “ಅಂವಾ ಮಲಗ್ಯಾನ, ನಾನೂ ಮಲಗಿದ್ದೆ. ಇಬ್ಬರನ್ನೂ ಯಾಕ ಎಬ್ಬಸ್ತೀ ಯವ್ವಾ?” ಎಂದಳು.

ಅಜ್ಜಿಗೆ ಏನೆಂದು ಹೇಳಲಿ? ಅವನು ಎದ್ದು ಬಹಳ ದಿನಗಳಾದವು. ಈಗ ಎಲ್ಲಿ ನೋಡಿದರೂ ಅವನೇ. ಯಾದಗಿರಿಯ ಹೋಟೆಲಿನ ಗಲ್ಲಾದ ಮೇಲೆ ಬುದ್ಧ, ಹಲ್ಲಿನ ಡಾಕ್ಟರರ ಮೇಜಿನ ಮೇಲೆ ಬುದ್ಧ, ಬ್ಯೂಟಿ ಪಾರ್ಲರಿನ ನೀರಿನ ಕಾರಂಜಿಯ ಕೆಳಗೆ ಪಾಪ ನೆನೆಯುತ್ತ ಕೂತ ಬುದ್ಧ. ವಾಟ್ಸ್ಯಾಪಿನಲ್ಲಂತೂ ಬೆಳಗಾಗುವುದರೊಳಗೆ ನಾಲ್ಕು ಬುದ್ಧವಾಣಿ. ಜೀವಮಾನವಿಡೀ ಮೌನಕ್ಕೆ ಬೆಲೆ ಕೊಟ್ಟ ಮನುಷ್ಯ ಇಷ್ಟೊಂದು ಮಾತಾಡಿದ್ದು ಯಾವಾಗ ಎಂದು ನನಗೆ ಸೋಜಿಗ. ಅವರಿಗೆಲ್ಲ ಅವನು ಶಾಂತಿಯ ಗೊಂಬೆ. ನಮಗೆ ಹಾಗಲ್ಲ. ನಮ್ಮ ಓಣಿಗೆ ಅವನು ಬಂದದ್ದು ತಲೆಯೆತ್ತಿ ನಡೆಯಲು ಕಲಿಸುವುದಕ್ಕೆ. ಗೋಗಿಯ ನಮ್ಮ ಮನೆಯ ಗೋಡೆಯ ಮೇಲೆ ಮೂರು ಚೌಕಟ್ಟುಗಳಿವೆ: ಬುದ್ಧ, ನೀಲಿ ಕೋಟಿನ ಸಾಹೇಬರು, ಮತ್ತು ನನ್ನ ಬಿ.ಎ. ಪ್ರಮಾಣಪತ್ರ. ಅವ್ವ ಮೂರಕ್ಕೂ ಊದಿನಕಡ್ಡಿ ಬೆಳಗುತ್ತಾಳೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದವಳು ನಾನೇ ಮೊದಲು. ಇದನ್ನು ನೀವು ಕೇಳದಿದ್ದರೂ ಹೇಳುತ್ತೇನೆ. ಇದೂ ಒಂದು ಚಟವೇ.

ಇಷ್ಟು ಹೆಮ್ಮೆಯ ನಾನು ತಂಗಿ ಸುಜಾತಾಳ ಮದುವೆಯಲ್ಲಿ ಹೇಗೆ ಪೆಚ್ಚಾದೆ ಎಂಬುದನ್ನು ಹೇಳಲೇಬೇಕು.

ವರ ದೇವಾಪುರದವನು, ಲೈನ್‌ಮನ್. ಬೌದ್ಧ ಪದ್ಧತಿಯಲ್ಲೇ ಮದುವೆ ಎಂದು ಸುಜಾತಾ ಹಟ ಹಿಡಿದಳು, ಹುಡುಗ ಹೂಂ ಎಂದ. ಹೂಂ ಎನ್ನದವಳು ಅವನ ತಾಯಿ ಭೀಮವ್ವ. ಹೋಮವಿಲ್ಲ, ಮುಹೂರ್ತವಿಲ್ಲ, ಬಾಸಿಂಗವಿಲ್ಲ. ಮೇಣದಬತ್ತಿ ಹಚ್ಚಿ ನಾಲ್ಕು ಮಾತು ಹೇಳಿದರೆ ಅದು ಮದುವೆಯೋ ಹುಟ್ಟುಹಬ್ಬವೋ ಎಂದು ಅವಳ ತಕರಾರು. ಸಾಲದ್ದಕ್ಕೆ, ವಿಧಿ ನಡೆಸಬೇಕಿದ್ದ ಹಿರಿಯರು ಯಾದಗಿರಿಯಲ್ಲಿ ಜ್ವರ ಬಂದು ಮಲಗಿದರು. ಆ ಕೆಲಸ ಹೈಸ್ಕೂಲ್ ಟೀಚರಾದ ನನ್ನ ಕೊರಳಿಗೆ ಬಿತ್ತು. ಬಿತ್ತು ಎಂದದ್ದು ಬರೀ ಬಿಗುಮಾನ. ಖುಷಿಗೆ ನನಗೆ ನಿದ್ದೆ ಬರಲಿಲ್ಲ.

ಭೀಮವ್ವ ಮಂಟಪಕ್ಕೆ ಬಂದವಳೇ ಕೇಳಿದಳು. “ಹೆಣ್ಮಗಳು ಮದುವಿ ಮಾಡಸ್ತಾಳೇನು?”

“ಸಾಲ್ಯಾಗ ಅರವತ್ತು ಹುಡುಗರನ್ನ ಸುಮ್ಮನ ಕೂಡಸ್ತಾಳ್ರೀ. ಇಬ್ಬರನ್ನ ಕೂಡ್ಸೂದು ಏನ್ ದೊಡ್ಡದು?” ಎಂದ ನಮ್ಮ ಸಾಬಣ್ಣ ಮಾವ.

ಭೀಮವ್ವ ನಗಲಿಲ್ಲ. ಕುರ್ಚಿಯಲ್ಲಿ ಕೂತು, ಮಡಿಲಲ್ಲಿಟ್ಟುಕೊಂಡ ಕೈಚೀಲವನ್ನು ತಟ್ಟಿದಳು. “ತಾಳಿ, ಬಾಸಿಂಗ, ಅಕ್ಕಿಕಾಳು ಎಲ್ಲಾ ತಂದೀನಿ. ನಿಮ್ಮದು ಸುರಳೀತ ನಡೀತಂದ್ರ ನಡೀಲಿ. ನಡುವ ನಿಂತ್ರ ನಮ್ಮದು ಶುರು.” ಬಿಳಿ ಸೀರೆಯುಟ್ಟು ಕೂತಿದ್ದ ಸುಜಾತಾ ನನ್ನ ಮುಖ ನೋಡಿದಳು. ಆ ನೋಟದ ಅರ್ಥ, ಅಕ್ಕಾ, ನಿಲ್ಲಿಸಬೇಡ.

ಸಾಬಣ್ಣ ಮಾವನ ಬಗ್ಗೆ ಎರಡು ಮಾತು. ಅವನು ಅವ್ವನ ತಮ್ಮ, ಹೊಲದ ಕೂಲಿ. ಬಸ್ಸು ತಪ್ಪಿದ ದಿನಗಳಲ್ಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನನ್ನನ್ನು ಗೋಗಿಯಿಂದ ಶಹಾಪುರದ ಕಾಲೇಜಿಗೆ ಮುಟ್ಟಿಸಿದವನು. ನನ್ನ ಬಿ.ಎ.ಯಲ್ಲಿ ಮೂರರಲ್ಲಿ ಒಂದು ಪಾಲು ಅವನ ತೊಡೆಗಳದ್ದು. ಸಂಜೆಯಾದರೆ ಮಾತ್ರ ಅವನಿಗೆ ಕುಡಿಯಲು ಶಿಂದಿ ಬೇಕು.

ವಿಧಿ ಶುರುವಾಯಿತು. ಪಂಚಶೀಲವನ್ನು ಒಬ್ಬರು ಪಾಲಿ ಭಾಷೆಯಲ್ಲಿ ಹೇಳುವುದು, ಉಳಿದವರು ಅದನ್ನೇ ಹೇಳುವುದು ರೂಢಿ. ಅಷ್ಟಕ್ಕೇ ಬಿಟ್ಟಿದ್ದರೆ ಮಂಗಳವಾಗುತ್ತಿತ್ತು. ಆದರೆ ಪಾಠ ಮಾಡುವವಳ ನಾಲಿಗೆ ಕೇಳಬೇಕಲ್ಲ! ಒಂದೊಂದು ಶೀಲಕ್ಕೂ ಕನ್ನಡದಲ್ಲಿ ಅರ್ಥ ಹೇಳಿ, ಅದನ್ನೂ ಎಲ್ಲರಿಂದ ಹೇಳಿಸತೊಡಗಿದೆ. ಜೀವ ತೆಗೆಯುವುದಿಲ್ಲ ಎಂದೆ, ಮಂಟಪವೆಲ್ಲ ಹೇಳಿತು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ. ಕೆಟ್ಟ ನಡತೆಗೆ ಇಳಿಯುವುದಿಲ್ಲ. ಸುಳ್ಳಾಡುವುದಿಲ್ಲ. ಎಲ್ಲಕ್ಕಿಂತ ಜೋರು ದನಿ ಮುಂದಿನ ಸಾಲಿನಲ್ಲಿದ್ದ ಮಾವನದು. ಐದನೆಯದಕ್ಕೆ ಬಂದೆ: ಅಮಲಿನ ಪದಾರ್ಥ ಮುಟ್ಟುವುದಿಲ್ಲ.

ಮಾವ ಕೈ ಮುಗಿದುಕೊಂಡೇ ಸುಮ್ಮನಾದ. ಜೋರು ದನಿ ನಿಂತರೆ ಉಳಿದವರ ದನಿಗೂ ದಾರಿ ತಪ್ಪುತ್ತದೆ. ಹಿಂದಿನವರೆಲ್ಲ ಗೊಣಗೊಣ ಎಂದು ನಿಂತೇಬಿಟ್ಟರು. ನಾನು ಇನ್ನೊಮ್ಮೆ ಹೇಳಿದೆ. ಮಾವ ಇಲ್ಲವೆಂದು ತಲೆಯಾಡಿಸಿದ.

“ಮಾವಾ, ಹೇಳೋ,” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಭೀಮವ್ವನ ಕೈ ಆಗಲೇ ಚೀಲದೊಳಗಿತ್ತು.

“ಹ್ಯಾಂಗ ಹೇಳ್ಲೆವ್ವಾ? ಸುಳ್ಳಾಡಂಗಿಲ್ಲ ಅಂತ ಈಗರೇ ನಿನ್ನ ಮುಂದ ಅಂದೀನಿ. ಸಂಜಿಗಿ ನಾ ಕುಡೀತೀನಿ. ಇದನ್ನ ಹೇಳಿದ್ರ ಅದು ಮುರೀತೈತಲ್ಲ?”

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಸುಜಾತಾಳ ಕಣ್ಣು ತುಂಬಿತು. ಬಿ.ಎ., ಬಿ.ಎಡ್. ಎರಡೂ ಮುಗಿಸಿದ ನಾನು ಪೆಚ್ಚಾಗಿ, ಉರಿಯುತ್ತಿದ್ದ ಮೇಣದಬತ್ತಿಯನ್ನೇ ಮತ್ತೆ ಹಚ್ಚಲು ಹೋದೆ. ಭೀಮವ್ವ ಚೀಲ ಕೆಳಗಿಟ್ಟು ಎದ್ದು ಬಂದು ಮಾವನ ಮುಂದೆ ನಿಂತಳು.

“ಉಳಿದ ನಾಕು ಖರೇನ ಹೇಳೀಯೇನಪಾ?”

“ಹೌದ್ರೀ ಯಕ್ಕಾ. ನಾಕು ನನ್ನ ಕೈಲಿ ಆಗ್ತಾವ.”

ಅವಳು ನಮ್ಮ ಕಡೆ ತಿರುಗಿದಳು. “ನಾ ಎಷ್ಟ ಮದುವಿ ಕಂಡೀನಿ. ಮಂತ್ರ ಹೇಳಿದಾಂವಗೂ ತಿಳೀತಿದ್ದಿಲ್ಲ, ಕೇಳಿದಾಂವಗೂ ತಿಳೀತಿದ್ದಿಲ್ಲ. ಹೇಳೂ ಮಾತಿಗಿ ಹೆದರಿ ಬಾಯಿ ಮುಚ್ಚಿದಾಂವನ್ನ ಇವತ್ತ ನೋಡಿದೆ. ಇಂಥಾ ಮಾತಿನ ಮ್ಯಾಲ ಆದ ಮದುವಿ ಗಟ್ಟಿ ಇರ್ತೈತಿ. ಹಾಕ್ರವ್ವಾ ಮಾಲಿ!” ತನ್ನ ಜಾಗಕ್ಕೆ ಮರಳಿ ಚೀಲವನ್ನು ಕಾಲಿನಿಂದ ಕುರ್ಚಿಯ ಕೆಳಗೆ ನೂಕಿದಳು. ಚಪ್ಪಾಳೆಯೋ ಚಪ್ಪಾಳೆ! ಮಾಲೆ ಹಾಕುವಾಗ ಸುಜಾತಾ ಅಳುತ್ತ ನಗುತ್ತಿದ್ದಳು. ನಾನು ಮುಂದಿನ ಗಾಥೆಯನ್ನು ಎಲ್ಲಿಂದ ಹಿಡಿದೆ, ಎಲ್ಲಿ ಬಿಟ್ಟೆ, ಇವತ್ತಿಗೂ ಗೊತ್ತಿಲ್ಲ.

ಆಮೇಲೆ, ಎಲ್ಲ ಓದಿದವರ ಹಾಗೆ, ಗಡಿಬಿಡಿ ಮುಗಿದ ಮೇಲೆ ಪುಸ್ತಕ ತೆಗೆದೆ. ನೋಡಿದರೆ ಪಂಚಶೀಲದ ಒಂದೊಂದು ಸಾಲಿನಲ್ಲೂ ‘ಶಿಕ್ಷಾಪದ’, ಎಂದರೆ ಕಲಿಕೆಯ ಹೆಜ್ಜೆ, ಎಂಬ ಮಾತಿದೆ. ಇವು ಆಣೆಗಳಲ್ಲ, ಆಜ್ಞೆಗಳೂ ಅಲ್ಲ. ಇದರಿಂದ ದೂರವಿರುವ ಪಾಠಕ್ಕೆ ನಾನು ತೊಡಗುತ್ತೇನೆ, ಅಷ್ಟೇ. ಕುಣಿದಾಡುವಷ್ಟು ಸಂತೋಷವಾಯಿತು! ಎಂಥ ದೊಡ್ಡ ಮನಸ್ಸಿನ ಧರ್ಮ! ಯಾರನ್ನೂ ಫೇಲ್ ಮಾಡುವುದಿಲ್ಲ. ಪಾಠ ಕಲಿಯುವವರನ್ನಾಗಿ ಮಾಡುತ್ತದೆ. ಸಾಲೆಯ ಬಾಗಿಲಲ್ಲೇ ತಡೆಸಿಕೊಂಡವರ ಮೊಮ್ಮಗಳಿಗೆ ಇದಕ್ಕಿಂತ ಬೇರೆ ಧರ್ಮ ಯಾಕೆ ಬೇಕು? ಓಡಿ ಹೋಗಿ ಮಾವನಿಗೆ ಹೇಳಿದೆ. ಐದನೆಯದನ್ನೂ ನೀನು ಹೇಳಬಹುದು, ಅದು ಬರೀ ಸಾಲೆಗೆ ಹೆಸರು ಹಚ್ಚಿದ ಹಾಗೆ ಎಂದೆ.

ಮಾವ ಬೀಡಿ ಆರಿಸಿ ಯೋಚಿಸಿದ. “ಹೆಸರು ಹಚ್ಚಿ ಸಾಲಿಗಿ ಹೋಗದಾಂವ ಆಗ್ಲೇನು? ಹೋಗೂ ದಿನ ಹಚ್ತೀನಿ ಬಿಡು.”

ಅಂದಿನಿಂದ ಪ್ರತಿ ಹುಣ್ಣಿಮೆಯ ಮುಂಜಾನೆ ನಮ್ಮ ಓಣಿಯ ತಗಡಿನ ಬುದ್ಧವಿಹಾರಕ್ಕೆ ಮಾವ ತಪ್ಪದೆ ಬರುತ್ತಾನೆ. ಹಿಂದಿನ ಚಾಪೆಯಲ್ಲಿ ಕೂತು ನಾಲ್ಕನ್ನು ಗಟ್ಟಿಯಾಗಿ ಹೇಳಿ ಐದನೆಯದಕ್ಕೆ ತುಟಿ ಮುಚ್ಚುತ್ತಾನೆ. ಮೊದಮೊದಲು ನಗುತ್ತಿದ್ದ ಹುಡುಗಿಯರು ಈಗ ಆ ಮೌನದ ಹೊತ್ತಿಗೆ ಗಂಭೀರವಾಗುತ್ತಾರೆ. ಸಂಜೆಯ ಶಿಂದಿ ನಿಂತಿಲ್ಲ. ಕಮ್ಮಿಯಾಗಿದೆ ಎಂದು ಅತ್ತೆ ಹೇಳುತ್ತಾಳೆ, ಮಾವ ಹೇಳುವುದಿಲ್ಲ.

ಹೋದ ಹುಣ್ಣಿಮೆ ಸೋಮವಾರ ಬಿತ್ತು. ಸಾಲೆಗೆ ರಜೆಯಿಲ್ಲ. ಬೆಳಿಗ್ಗೆ ಹೆಡ್ ಮಾಸ್ತರರಿಗೆ ಫೋನು ಮಾಡಿ, ದನಿ ಒಡಕು ಮಾಡಿಕೊಂಡು ಜ್ವರ ಎಂದೆ. ಅವರು ಇದನ್ನು ಓದುತ್ತಾರೆ, ಓದಲಿ. ಬಿಳಿ ಸೀರೆ ಉಟ್ಟು ವಿಹಾರದಲ್ಲಿ ಎಲ್ಲರ ಮುಂದೆ ಕೂತೆ. ಒಂದು ಹೇಳಿಸಿದೆ, ಎರಡು ಹೇಳಿಸಿದೆ, ಮೂರು ಹೇಳಿಸಿದೆ. ನಾಲ್ಕನೆಯದಕ್ಕೆ, ಸುಳ್ಳಾಡುವುದಿಲ್ಲ ಎನ್ನುವುದಕ್ಕೆ, ನನ್ನ ನಾಲಿಗೆ ಏಳಲೇ ಇಲ್ಲ. ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡದವಳು, ಗೊತ್ತಿಲ್ಲದ್ದಕ್ಕೂ ಎರಡು ಪುಟ ಬರೆದು ಬಂದವಳು, ಸುಮ್ಮನೆ ಕೂತೆ. ಜನ ಕೆಮ್ಮಿದರು. ಕೊನೆಗೆ ಅದನ್ನು ಹಿಂದಿನಿಂದ ಮಾವನೇ ಹೇಳಿಸಿದ. ಐದನೆಯದನ್ನು ನಾನು ಹೇಳಿಸಿದೆ.

ಮುಗಿದ ಮೇಲೆ ಮಾವ ಚಾಪೆಯ ಮೇಲೆ ಒಂದಿಷ್ಟು ಸರಿದು, ಪಕ್ಕದಲ್ಲಿ ಅಂಗೈಯಿಂದ ಧೂಳು ಒರೆಸಿ, “ಬಾರವ್ವಾ, ಜಾಗಾ ಐತಿ,” ಎಂದ.

ಹೋಗಿ ಕೂತೆ.