ಫ್ರಿಜ್ಜಿನ ಹಿಂದಿನ ಗಡ್ಡೆಗಳು

ಮಂಗಳಾ, ಆ ಟ್ಯೂಲಿಪ್ ಹೂ ಬಿಡದೇ ಹೋದದ್ದು ನಿನ್ನಿಂದಲ್ಲ, ನನ್ನಿಂದ. ನಿನ್ನ ಒಡಹುಟ್ಟಿದ ಅಣ್ಣನಿಂದ. ಎಂಟು ವರ್ಷ ಇದನ್ನು ನುಂಗಿಕೊಂಡು ಬದುಕಿದ್ದೇನೆ.

ನೀನಾಗ ನಂಜನಗೂಡಿನ ಹೂದೋಟಕ್ಕೆ ಕೂಲಿಗೆ ಹೋಗುತ್ತಿದ್ದೆ. ಯಜಮಾನರು ಕಾಶ್ಮೀರದಿಂದ ಈರುಳ್ಳಿಯಂಥ ಟ್ಯೂಲಿಪ್ ಗಡ್ಡೆ ತಂದು, ಇವನ್ನು ಅರಳಿಸಿದರೆ ಸಸಿಮನೆಯ ಉಸ್ತುವಾರಿ ನಿನ್ನದೇ ಎಂದಿದ್ದರು. ಮಣ್ಣಿಗಿಡುವ ಮೊದಲು ಅವು ಮೂರು ತಿಂಗಳು ಚಳಿಯಲ್ಲಿ ಮಲಗಬೇಕು ಎಂದು ನೀನೇ ನನಗೆ ಹೇಳಿಕೊಟ್ಟೆ. ಯಜಮಾನರ ಫ್ರಿಜ್ಜಿನಲ್ಲಿ ಸದಾ ಹಣ್ಣು — ಹಣ್ಣಿನ ಪಕ್ಕ ಇಟ್ಟರೆ ಒಳಗಿನ ಮೊಗ್ಗು ಸಾಯುತ್ತದಂತೆ. ಅದಕ್ಕೇ ನೀನು ಅವನ್ನು ಸೋಮನಾಥಪುರದ ನನ್ನ ಅಂಗಡಿಯ ಫ್ರಿಜ್ಜಿಗೆ ತಂದೆ.

"ಒಂದಿನಾನೂ ಆಚೆ ತೆಗೀಬ್ಯಾಡ ಕಣಣ್ಣ."

"ಓಗಮ್ಮಿ, ನಿನ್ ಈರುಳ್ಳೀನ ಯಾರ್ ತಿಂತಾರೆ!" ಎಂದು ನಕ್ಕೆ.

ದಸರಾ ಬಂತು. ದೇವಸ್ಥಾನ ನೋಡಲು ಜನವೋ ಜನ, ಎಲ್ಲರಿಗೂ ತಣ್ಣನೆಯ ಬಾಟಲಿಯೇ ಬೇಕು. ಜಾಗ ಸಾಲದೆ ಗಡ್ಡೆಯ ಚೀಲವನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿದೆ — ಬಿಸಿಗಾಳಿ ಬಡಿಯುವ ಕಡೆಗೆ. ಎರಡು ದಿನಕ್ಕೆಂದು ಇಟ್ಟದ್ದು... ನೆನಪಾದದ್ದು ದೀಪಾವಳಿ ಕಳೆದ ಮೇಲೆ. ಧೂಳು ಒರೆಸಿ ಮತ್ತೆ ಒಳಗಿಟ್ಟೆ. ನಿನಗೆ ಹೇಳಲಿಲ್ಲ.

ಡಿಸೆಂಬರಿನಲ್ಲಿ ನೀನು ಒಯ್ದು ತೋಟದಲ್ಲಿ ನೆಟ್ಟೆ. ಜನವರಿಯಲ್ಲಿ ಎಲೆ ಬಂತು. ಹೂವಿಲ್ಲ. ಒಂದೆರಡು ಗಿಡದಲ್ಲಿ ಕಾಗದದಂತೆ ಒಣಗಿದ ಮೊಗ್ಗು, ಅಷ್ಟೇ. ಯಜಮಾನರು ನನ್ನನ್ನು ಕರೆಸಿ ನಿನ್ನೆದುರಿಗೇ ಕೇಳಿದರು.

"ನನ್ ಅಂಗ್ಡೀಲಿ ಇರಗಂಟ ಚೆನ್ನಾಗೇ ಇದ್ದೋ ಸಾ. ಆಮೇಲೆ ಇವ್ಳು ಏನ್ ಮಾಡುದ್ಲೋ" ಎಂದುಬಿಟ್ಟೆ.

ನೀನು ನನ್ನ ಮುಖ ನೋಡಲಿಲ್ಲ. ನಿನ್ನ ಅಂಗೈ ನೋಡಿಕೊಂಡೆ. ಅಣ್ಣ ಸುಳ್ಳು ಹೇಳಿಯಾನೆಂಬ ಅನುಮಾನವೂ ನಿನಗೆ ಬರಲಿಲ್ಲವಲ್ಲ — ಅದೇ ನನ್ನನ್ನು...

ಉಸ್ತುವಾರಿ ಬೇರೆಯವರ ಪಾಲಾಯಿತು. ನಿನ್ನ ಕೈಗುಣ ಸರಿಯಿಲ್ಲವೆಂಬ ಮಾತು, ನೀನು ಮದುವೆಯಾಗಿ ಸೋಸಲೆಗೆ ಹೋದಾಗ ಅಲ್ಲಿಗೂ ಬೆನ್ನಟ್ಟಿ ಬಂತು. ಇಂದಿಗೂ ನಾಟಿಯ ದಿನ ನಿನ್ನ ಅತ್ತೆ ನಿನ್ನ ಕೈಗೆ ಪೈರು ಕೊಡುವುದಿಲ್ಲ. ಕಳೆದ ವರ್ಷ ಬದುವಿನ ಮೇಲೆ ನಿಂತು ನೋಡಿದೆ. ಹೆಂಗಸರೆಲ್ಲ ಗದ್ದೆಗಿಳಿದಿದ್ದರು, ನೀನೊಬ್ಬಳೇ ಮರದಡಿ ಊಟದ ಪಾತ್ರೆ ಕಾಯುತ್ತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಈ ಸಲದ ನಾಟಿಗೆ ಬರುತ್ತೇನೆ. ಗದ್ದೆಯ ಬಳಿಯೇ, ನಿನ್ನ ಅತ್ತೆಯ ಎದುರು, ಕೂಲಿಯವರೆಲ್ಲ ಕೇಳುವಂತೆ ಇದಿಷ್ಟನ್ನೂ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಅಣ್ಣ ಎಂದು ಕರೆಯಬೇಕಾಗಿಲ್ಲ.